ಹೊಗೆಯಿಲ್ಲದ ಒಲೆಗೆ ಒಬ್ಬ ಸಾಕ್ಷಿ

ಸರ್ಕಾರವನ್ನು ಹೊಗಳುವುದು ನನ್ನ ಕೆಲಸವಾಗಿರಲಿಲ್ಲ. ನನ್ನ ಕೆಲಸ ಒಲೆ ಹಾಕಿಸುವುದು. ಆದರೆ ಚುನಾವಣೆ ಹತ್ತಿರ ಬಂದಾಗ ಎರಡೂ ಒಂದೇ ಆಗಿಬಿಡುತ್ತವೆ ಎಂಬುದು ನನಗೆ ಇಪ್ಪತ್ತಮೂರನೆಯ ವಯಸ್ಸಿಗೇ ತಿಳಿಯಿತು. ಆಮೇಲೆ ಎಷ್ಟೋ ಚುನಾವಣೆಗಳು ಬಂದು ಹೋದವು. ಆವತ್ತಿನ ಆಯಾಸ ಮಾತ್ರ ಇನ್ನೂ ಮೈಯಿಂದ ಇಳಿದಿಲ್ಲ.

ಐವತ್ತರ ದಶಕ ಅದು. ಹಳ್ಳಿಗಳನ್ನು ಮೇಲೆತ್ತಲು ಸರ್ಕಾರ ಹೊಸದಾಗಿ ಯೋಜನೆ ಹಾಕಿತ್ತು. ನಾನು ಅದರಲ್ಲಿ ಗ್ರಾಮಸೇವಿಕೆ. ಹೆಂಗಸರಿಗೆ ಹೊಗೆಯಿಲ್ಲದ ಒಲೆ ಕಟ್ಟಿಕೊಡುವುದು, ಬಚ್ಚಲ ನೀರಿಗೆ ಇಂಗುಗುಂಡಿ ತೋಡಿಸುವುದು, ಕೂಸುಗಳಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಲು ತಾಯಂದಿರ ಮನವೊಲಿಸುವುದು, ಇಷ್ಟು. ಕೆಲಸ ಹಂಗಾಮಿ. ಮನೆಯಲ್ಲಿ ಅಂಚೆ ಕಚೇರಿಯಿಂದ ನಿವೃತ್ತರಾದ ಅಪ್ಪ, ಓದುತ್ತಿದ್ದ ಇಬ್ಬರು ತಂಗಿಯರು. ಅಮ್ಮ ತೀರಿಕೊಂಡಿದ್ದರು. ನನ್ನ ಕೆಲಸ ಕಾಯಂ ಆಗದಿದ್ದರೆ ತಂಗಿಯರ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನಮ್ಮ ಮನೆ ಜಯನಗರದಲ್ಲಿ. ಆಗ ಅದಕ್ಕೆ ನಗರ ಎನ್ನುವ ಹೆಸರೇ ದೊಡ್ಡದು. ಎರಡು ಮನೆಗಳ ನಡುವೆ ನಾಲ್ಕು ಖಾಲಿ ಸೈಟು, ಆಚೆಗೆ ರಾಗಿ ಹೊಲ. ಅಪ್ಪ ಬೆಳಗ್ಗೆ ಪೇಪರ್ ಹಿಡಿದು ಸರ್ಕಾರವನ್ನು ಬೈಯಲು ಕೂತರೆ ಕಾಫಿ ಆರುವವರೆಗೂ ಬೈಯುತ್ತಿದ್ದರು. ನನಗೂ ಆಗ ಬಾಯಿ ಜಾಸ್ತಿ. ಬೈಯಿಸಿಕೊಳ್ಳುತ್ತಿರುವುದು ನಾನೇ ಎನ್ನುವ ಹಾಗೆ ಜಗಳಕ್ಕೆ ನಿಲ್ಲುತ್ತಿದ್ದೆ.

"ಹೆತ್ತವರಿಗೆ ಹೆಗ್ಗಣ ಮುದ್ದು. ನಿಮ್ಮ ಸರ್ಕಾರಕ್ಕೆ ನಿಮ್ಮ ಒಲೆ ಮುದ್ದು" ಎನ್ನುತ್ತಿದ್ದರು ಅಪ್ಪ.

"ಅಣ್ಣ, ಹುಳಿಮಾವಿಗೆ ಒಂದು ಸಲ ಬಂದು ನೋಡಿ. ಶಾಲೆಗೆ ಹೆಂಚು ಹಾಕಿದಾರೆ. ಬಾವಿಗೆ ಕಟ್ಟೆ ಕಟ್ಟಿದಾರೆ. ಹೊಗೆಗೆ ಹೆಂಗಸರ ಕಣ್ಣಲ್ಲಿ ನೀರು ಸುರಿಯೋದು ನಿಂತಿದೆ." ನಾವು ಮಕ್ಕಳೆಲ್ಲ ಅಪ್ಪನನ್ನು ಅಣ್ಣ ಎಂದೇ ಕರೆಯುತ್ತಿದ್ದೆವು.

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ. ನೀನು ಎರಡನ್ನೂ ಒಟ್ಟಿಗೇ ಮಾಡ್ತಿದೀಯ ನೋಡು."

ತಂಗಿಯರು ನಗುತ್ತಿದ್ದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಬನ್ನೇರುಘಟ್ಟ ರಸ್ತೆಯ ಬಸ್ಸಿಗೆ ಓಡುತ್ತಿದ್ದೆ. ಅದು ತಪ್ಪಿದರೆ ಮಧ್ಯಾಹ್ನದವರೆಗೆ ಇನ್ನೊಂದಿರಲಿಲ್ಲ. ಎಷ್ಟೋ ದಿನ ನಡೆದೇ ಹೋಗಿದ್ದೇನೆ.

ಹುಳಿಮಾವಿನಲ್ಲಿ ನನ್ನ ಮೊದಲ ಒಲೆಯನ್ನು ಕಟ್ಟಿಸಿಕೊಂಡವರು ಒಬ್ಬ ಅಜ್ಜಿ. ರಾಗಿ ಬೆಳೆಯುವ ಮನೆತನ. ಗಂಡ ಇಲ್ಲ, ಮಗ ಸೊಸೆ ಇದ್ದರು. ಸುತ್ತಲ ನಾಲ್ಕೈದು ಊರಿಗೆ ಅವರೇ ಸೂಲಗಿತ್ತಿ. ಬೇಗೂರಿನವರೆಗೂ ಅವರ ಕೈಯಲ್ಲಿ ಹುಟ್ಟಿದವರಿದ್ದರು. ಉಳಿದ ಮನೆಗಳಲ್ಲಿ ನನ್ನನ್ನು 'ಒಲೆಯಮ್ಮ' ಎಂದು ಕರೆದು ನಗುತ್ತಾ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದಾಗ, ಈ ಅಜ್ಜಿ ಒಳಗೆ ಕರೆದು ಮಜ್ಜಿಗೆ ಕೊಟ್ಟು, "ಪಾಪ, ಪ್ಯಾಟೆ ಮಗ ಬಿಸಿಲಾಗೆ ತಿರುಗ್ತದೆ, ಒಂದು ಕಟ್ಟು ಅತ್ಲಾಗೆ" ಎಂದರು. ಒಲೆ ಬೇಕು ಎಂದಲ್ಲ, ನನ್ನ ಮುಖ ನೋಡಿ. ಆಗ ನನಗೆ ಆ ವ್ಯತ್ಯಾಸ ಹೊಳೆಯಲಿಲ್ಲ.

ಹಳೆಯ ಒಲೆ ಒಡೆದು ಅದೇ ಜಾಗದಲ್ಲಿ ಹೊಸದನ್ನು ಎಬ್ಬಿಸಿದೆ. ಎರಡು ಪಾತ್ರೆ ಕೂರುವ ಒಲೆ, ಹಿಂದೆ ಗೋಡೆಗೆ ತಾಗಿದಂತೆ ಕುಂಬಾರರ ಮಣ್ಣಿನ ಕೊಳವೆ, ಹೊಗೆಯೆಲ್ಲ ಅದರಲ್ಲಿ ಹಾದು ಸೂರಿನಾಚೆ ಹೋಗಬೇಕು. ಹೋಯಿತು. ಅಜ್ಜಿಯ ಒಲೆ ನೋಡಿ ಬೇರೆ ಮನೆಯವರೂ ಒಪ್ಪಿದರು. ವರ್ಷ ಕಳೆಯುವಷ್ಟರಲ್ಲಿ ಆ ಬೀದಿಯ ಬಹುಪಾಲು ಮನೆಗಳಲ್ಲಿ ನನ್ನ ಒಲೆಗಳಿದ್ದವು. ಯಾರೂ ಒಂದು ದೂರನ್ನೂ ಹೇಳಲಿಲ್ಲ. ದೂರು ಬರದ ಕೆಲಸ ಒಳ್ಳೆಯ ಕೆಲಸ ಎಂದು ನಾನು ತಿಳಿದಿದ್ದೆ.

ಮಾರನೆಯ ವರ್ಷ ಚುನಾವಣೆ ಬಂತು. ನಮ್ಮ ಮೇಲಧಿಕಾರಿ ನಮ್ಮನ್ನೆಲ್ಲ ಕೂರಿಸಿಕೊಂಡು, ಸರ್ಕಾರಿ ನೌಕರರು ಪ್ರಚಾರ ಮಾಡುವ ಹಾಗಿಲ್ಲ, ಆದರೆ ಜನರಿಗೆ ಮಾಹಿತಿ ಕೊಡುವುದು ನಮ್ಮ ಕರ್ತವ್ಯ ಎಂದು ವಿವರಿಸಿದರು. ಮಾಹಿತಿ ಕೊಡುವ ಸಭೆ ಹುಳಿಮಾವಿನ ಶಾಲೆಯ ಮುಂದೆ ಎಂದು ಗೊತ್ತಾಯಿತು. ಆ ಹೊತ್ತಿಗೆ ಆಳುವ ಪಕ್ಷದ ಅಭ್ಯರ್ಥಿ ಆ ಕಡೆ ಹಾದುಹೋಗುತ್ತಾರಂತೆ, ಆಕಸ್ಮಿಕವಾಗಿ. ಆಮೇಲೆ ಅಧಿಕಾರಿ ನನ್ನೊಬ್ಬಳನ್ನೇ ಕರೆದರು.

"ನೀವು ನಾಲ್ಕು ಮಾತಾಡಿ. ಆಮೇಲೆ ಒಬ್ಬ ಹೆಂಗಸಿನ ಬಾಯಲ್ಲಿ ಹೇಳಿಸಿ. ಆ ಸೂಲಗಿತ್ತಿ ಅಜ್ಜಿ ಇದಾರಲ್ಲ, ಅವರಾದ್ರೆ ಚೆನ್ನಾಗಿರುತ್ತೆ."

"ಕೇಳ್ತೀನಿ ಸಾರ್."

"ಕೇಳೋದಲ್ಲ, ಕರ್ಕೊಂಡು ಬನ್ನಿ. ಕಾಯಂ ಮಾಡೋರ ಪಟ್ಟಿ ಮೇಲೆ ಕಳಿಸ್ಬೇಕು. ನಿಮ್ಮ ಹೆಸರು ಬರೆಯೋಕೆ ನನಗೂ ಒಂದು ಕಾರಣ ಬೇಕಲ್ಲ."

ಕೆಟ್ಟ ಮನುಷ್ಯರೇನಲ್ಲ ಅವರು. ಅವರಿಗೂ ಮೇಲಿನವರಿದ್ದರು.

ನಾನು ಹೆದರಿಕೆಯಿಲ್ಲದೆ ಹೊರಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಸುವುದು ತಾನೇ. ಅಜ್ಜಿ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದರು. ನಾನು ಗೋಡೆಗೆ ಒರಗಿ ಕೂತು ವಿಷಯ ಹೇಳುತ್ತಾ ಸುಮ್ಮನೆ ಮೇಲೆ ನೋಡಿದೆ. ಒಲೆಯ ಮೇಲಿನ ಅಟ್ಟದ ಬೊಂಬಿನಲ್ಲಿ ಮೊದಲು ಬಟ್ಟೆಯ ಗಂಟುಗಳು ನೇತಾಡುತ್ತಿದ್ದವು, ಮಸಿ ಹಿಡಿದು ಕಪ್ಪಾದವು. ಈಗ ಒಂದೂ ಇರಲಿಲ್ಲ.

"ಅಜ್ಜಿ, ಮೇಲಿದ್ದ ಗಂಟೆಲ್ಲ ಏನ್ ಮಾಡಿದ್ರಿ?"

ಅಜ್ಜಿ ಮುದ್ದೆ ಕೋಲು ಕೆಳಗಿಟ್ಟು ಎದ್ದು ಹೋಗಿ ಬಾಗಿಲಾಚೆ ಇಣುಕಿ ನೋಡಿದರು. ಸೊಸೆ ಹಿತ್ತಿಲಲ್ಲಿದ್ದಳು. ಮರಳಿ ಬಂದು ಪಿಸುದನಿಯಲ್ಲಿ ಹೇಳಿದರು.

"ಬಿತ್ತನೆ ಅವರೆ ಇತ್ತಲ್ಲವ್ವ ಅದ್ರಾಗೆ. ಒಗೆ ಇಲ್ದಂಗಾಯ್ತು, ಉಳ ಬಿದ್ದೋಯ್ತು. ಬಿತ್ತೋ ಒತ್ಗೆ ಬಿಚ್ಚಿ ನೋಡಿದ್ರೆ ಬರೀ ಒಟ್ಟು."

ಹೊಗೆ. ತಲೆತಲಾಂತರದಿಂದ ಆ ಹೆಂಗಸರು ಬೀಜವನ್ನು ಒಲೆಯ ಮೇಲೆ ಕಟ್ಟುತ್ತಿದ್ದದ್ದು ಹೊಗೆ ತಾಗಲಿ ಎಂದೇ. ಹೊಗೆ ತಾಗಿದ ಬೀಜಕ್ಕೆ ಹುಳು ಬರುವುದಿಲ್ಲ. ನಾನು ಕಲಿತ ತರಬೇತಿಯಲ್ಲಿ ಹೊಗೆ ಎಂದರೆ ಬರೀ ಶತ್ರು. ಕಣ್ಣಿನ ಬಗ್ಗೆ, ಕೆಮ್ಮಿನ ಬಗ್ಗೆ ಪಾಠವಿತ್ತು. ತಲೆಯೆತ್ತಿ ಅಟ್ಟ ನೋಡಿ ಎಂದು ಯಾರೂ ಹೇಳಿರಲಿಲ್ಲ. ಆ ಗಂಟುಗಳು ಕಣ್ಣಿಗೆ ಬಿದ್ದರೂ ಏಕೆಂದು ನಾನೂ ಕೇಳಿರಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಬೀಜ ಕೆಡ್ತು ಅಂತ ಬಾಯ್ಬಿಟ್ಟು ಯೋಳಬಾರದು ಕಣವ್ವ. ಅಂಗಂದ್ರೆ ಮುಂದ್ಲ ವರ್ಸನೂ ಕೈ ಅತ್ತಾಕಿಲ್ಲ. ಬೀಜ ಕಾಯೋದು ಎಣ್ಣುಮಕ್ಕಳ ಕೆಲ್ಸ. ಕೆಟ್ರೆ ಅದು ನಮ್ ಕೈ ಗುಣ."

ಆ ಅವರೆಯನ್ನು ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ಮಡಿಲಲ್ಲಿ ಕಟ್ಟಿಕೊಂಡು ಬಂದದ್ದಂತೆ. ವರ್ಷ ವರ್ಷ ಅದನ್ನೇ ಬಿತ್ತಿ, ಅದರಲ್ಲೇ ಬೀಜ ಎತ್ತಿಟ್ಟು ಉಳಿಸಿಕೊಂಡು ಬಂದಿದ್ದರು. ಅಂಥ ಸೊಗಡು ಬೇರೆ ಕಾಯಿಗಿರಲಿಲ್ಲವಂತೆ. ತವರಿನಲ್ಲಿ ಈಗ ಅದನ್ನು ಬೆಳೆಯುವವರು ಯಾರೂ ಇಲ್ಲ. ಆ ವರ್ಷ ಯಾರಿಗೂ ತಿಳಿಯದ ಹಾಗೆ ತಲಘಟ್ಟಪುರದ ನೆಂಟರಿಂದ ಬೇರೆ ಅವರೆ ತಂದು ಬಿತ್ತಿದ್ದರು. ಬಿತ್ತಿದ್ದು ಯಾವ ಅವರೆ ಎಂದು ಮಗನಿಗೂ ಹೇಳಿರಲಿಲ್ಲ.

ಇದೇ ಬೀದಿಯಲ್ಲಿ ಇನ್ನೆಷ್ಟು ಮನೆಗಳಲ್ಲಿ ಇನ್ನೆಷ್ಟು ಹೆಂಗಸರು ಕೆಟ್ಟ ಬೀಜವನ್ನು ಕದ್ದುಮುಚ್ಚಿ ತಿಪ್ಪೆಗೆ ಸುರಿದು, ತಮ್ಮ ಕೈ ಗುಣವೇ ಸರಿಯಿಲ್ಲ ಎಂದುಕೊಂಡು ಸುಮ್ಮನಿದ್ದರೋ. ನಾನು ಹೆಮ್ಮೆಪಡುತ್ತಿದ್ದ, ಅಪ್ಪನ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದ, ದೂರಿಲ್ಲದ ಕೆಲಸ ಅದು.

"ಅಜ್ಜಿ, ನೀವು ಸಭೆಗೆ ಬರಬೇಡಿ. ಹುಷಾರಿಲ್ಲ ಅಂತ ಹೇಳ್ತೀನಿ."

"ನಾ ಬರ್ದಿದ್ರೆ ನಿಂಗೇನಾಯ್ತದೆ?"

ಏನೂ ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಪಟ್ಟಿಯ ವಿಷಯ ಹೇಳಿದೆ, ತಂಗಿಯರ ವಿಷಯವನ್ನೂ ಹೇಳಿದೆ. ಬರಬೇಡಿ ಎನ್ನಲು ಬಾಯಿ ತೆರೆದವಳು ಇದನ್ನೆಲ್ಲ ಯಾಕೆ ಹೇಳಿದೆನೋ. ಇಷ್ಟು ವರ್ಷವಾದರೂ ಅದಕ್ಕೆ ನನ್ನಲ್ಲಿ ಮರ್ಯಾದೆಯ ಉತ್ತರವಿಲ್ಲ. ಅಜ್ಜಿ ಮುದ್ದೆ ಕಟ್ಟಿದರು. ನನಗೂ ಒಂದು ಇಟ್ಟರು.

ಸಭೆಯ ದಿನ ನಾನು ಮಾತಾಡಿದೆ. ಶಾಲೆಯ ಹೆಂಚು, ಬಾವಿಯ ಕಟ್ಟೆ, ಕೆರೆ ಏರಿಯ ಮೇಲೆ ಹಾಕಿಸಿದ ಮಣ್ಣು, ಸಿಡುಬಿನ ಚುಚ್ಚುಮದ್ದು. ಎಲ್ಲವೂ ನಿಜ. ಅದನ್ನೂ ಇಲ್ಲಿ ಹೇಳಲೇಬೇಕು, ಯಾಕೆಂದರೆ ಸರ್ಕಾರ ಏನೂ ಮಾಡಲಿಲ್ಲ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸಿಡುಬು ಬಂದ ಮಕ್ಕಳ ಮುಖ ನಾನು ನೋಡಿದ್ದೇನೆ. ಆದರೆ ಒಲೆಯ ಮಾತು ಬಂದಾಗ ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ಹಿಂದುಗಡೆ ನಿಂತಿದ್ದ, ಎದುರು ಪಕ್ಷದ ಕಡೆಯ ಒಬ್ಬ ಮೀಸೆಯ ರೈತ ಕೂಗಿ ಕೇಳಿದ:

"ಒಲೆ ಒಲೆ ಅಂತೀರಲ್ಲ ಅಮ್ಮೋರೆ, ಅದ್ರಿಂದ ನಮ್ ಮನೆಗೇನ್ ಬಂತು ಯೋಳಿ."

ಅಧಿಕಾರಿ ನನ್ನನ್ನು ನೋಡಿದರು. ಆಗ ಹೆಂಗಸರ ಗುಂಪಿನಿಂದ ಅಜ್ಜಿ ಎದ್ದು ನಿಂತರು. ಅವರು ಬಂದದ್ದನ್ನೇ ನಾನು ಗಮನಿಸಿರಲಿಲ್ಲ.

"ನಾ ಯೋಳ್ತೀನಿ ಕುಂತ್ಕಳ್ಳಾ" ಎಂದರು ಅವನಿಗೆ. "ನಿನ್ ಎತ್ತಿದ್ದು ನನ್ ಕೈ. ನನ್ ಮಾತು ಕೇಳು. ನಮ್ ಮನ್ಯಾಗೆ ಈಗ ಒಗೆ ಇಲ್ಲ. ಕಣ್ಣು ಅಗುರ ಆಗ್ಯದೆ. ಗ್ವಾಡೆ ಬೆಳ್ಳಗದೆ. ಈ ಮಗ ಕಟ್ಟಿದ ಒಲೆ ಒಳ್ಳೇದು. ನಿನ್ ಎಂಡ್ರಿಗೂ ಒಂದು ಕಟ್ಟಿಸ್ಕೊಡು."

ಜನ ನಕ್ಕರು. ಮೀಸೆಯವನು ತಲೆ ತಗ್ಗಿಸಿ ಕೂತ. ಅಭ್ಯರ್ಥಿ ಎದ್ದು ಬಂದು ಅಜ್ಜಿಗೆ ಕೈ ಮುಗಿದರು. ಅಜ್ಜಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಒಲೆ ಒಳ್ಳೇದು ಎಂದದ್ದನ್ನು ಬಿಟ್ಟರೆ. ಹೇಳದೇ ಉಳಿದದ್ದು ಒಂದೇ, ಅದು ಅವರಿಗೂ ನನಗೂ ಮಾತ್ರ ಗೊತ್ತಿತ್ತು.

ವಾಪಸು ಅವರ ಮನೆಯವರೆಗೆ ಜೊತೆಯಲ್ಲಿ ನಡೆದೆ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಕೇಳುವಾಗ ಅಳು ಬಂತು.

"ನಿಜ ಯೋಳಿದ್ರೆ ನನ್ ಅವರೆ ಬರ್ತಿತ್ತಾ? ನಿನ್ ಕೆಲ್ಸ ಓಗ್ತಿತ್ತು" ಎಂದರು ಅಜ್ಜಿ. "ಎರಿಗೆ ಮನ್ಯಾಗೆ ನಾ ಎಷ್ಟು ಸುಳ್ಳು ಯೋಳಿಲ್ಲ. ಇನ್ನೊಂದ್ ಗಳ್ಗೆ ತಡ್ಕ, ಆಗೋಯ್ತು ಅಂತ. ಆ ಒತ್ಗೆ ಅದೇ ಬೇಕು ಅವ್ಕೆ."

ಆ ಸಲ ಆಳುವ ಪಕ್ಷವೇ ಗೆದ್ದಿತು. ಒಲೆಯಿಂದಲೇ ಗೆದ್ದಿತು ಎನ್ನುವಷ್ಟು ದಡ್ಡಿ ನಾನಲ್ಲ. ನನಗೆ ಕಾಯಂ ಆದೇಶ ಬಂತು. ಮನೆಯಲ್ಲಿ ಪಾಯಸ ಮಾಡಿದರು. "ಅಂತೂ ನಿನ್ನ ತೂತು ಒಲೆ ಕೈ ಹಿಡೀತು" ಎಂದರು ಅಪ್ಪ. ನಾನು ಜಗಳಕ್ಕೆ ನಿಲ್ಲಲಿಲ್ಲ. ನನಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಅವರು ಹಣೆ ಮುಟ್ಟಿ ನೋಡಿದರು. ಬೀಜದ ವಿಷಯವನ್ನು ನಾನು ಕಚೇರಿಗೆ ಬರೆದು ತಿಳಿಸಿದೆ. ಅಧಿಕಾರಿ ಓದಿ, ಒಳ್ಳೆಯ ಅಂಶ, ಮುಂದಿನ ತರಬೇತಿಯಲ್ಲಿ ಸೇರಿಸೋಣ ಎಂದರು. ಅಷ್ಟರಲ್ಲಿ ನನಗೆ ಬೇಗೂರು ವಹಿಸಿಕೊಟ್ಟಿದ್ದರು.

ಬೇಗೂರಿನ ಮೊದಲ ಮನೆಯಲ್ಲೇ ಹೆಂಗಸರು ನನಗಾಗಿ ಕಾಯುತ್ತಿದ್ದರು. ಅಂಥ ಸ್ವಾಗತ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಹಳೆಯ ಒಲೆಯನ್ನು ಆಗಲೇ ಒಡೆದು ಮಣ್ಣು ರಾಶಿ ಹಾಕಿದ್ದರು. ನಾನು ಈ ಸಲ ಮೊದಲು ಮೇಲೆ ನೋಡಿದೆ. ಅಟ್ಟದ ತುಂಬ ಗಂಟುಗಳು. ನೇರವಾಗಿ ಹೇಳಿದೆ: ಈ ಒಲೆ ಹಾಕಿದರೆ ಹೊಗೆ ಇರುವುದಿಲ್ಲ, ಹೊಗೆ ಇಲ್ಲದಿದ್ದರೆ ಬೀಜ ಕೆಡುತ್ತದೆ, ಬೀಜಕ್ಕೆ ಬೇರೆ ದಾರಿ ಮಾಡಿಕೊಳ್ಳುವವರೆಗೆ ಹೊಸ ಒಲೆ ಬೇಡ.

ಆ ಮನೆಯ ಯಜಮಾನಿ ನಕ್ಕಳು.

"ಮಣ್ಣು ಕಲಸಕ್ಕೆ ಸೋಮಾರಿತನ ಬಂದೈತೆ ನಿಮಗೆ. ಉಳಿಮಾವಿನ ಅಜ್ಜಿ ತುಂಬಿದ ಸಭೆಯಾಗೆ ಎದ್ದು ನಿಂತು ಒಳ್ಳೇದು ಅಂದ್ರಂತೆ."

"ಅವರ ಮನೇಲೂ ಕೆಟ್ಟಿದೆ."

ನಗು ನಿಂತಿತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಇಬ್ಬರು ಮಕ್ಕಳೂ ಅಜ್ಜಿಯ ಕೈಯಲ್ಲೇ ಹುಟ್ಟಿದವರು.

"ಆ ಯಮ್ಮನ ಕೈಯಾಗೆ ಬೀಜ ಕೆಡ್ತಾ? ಏನ್ ಮಾತಾಡ್ತೀರಿ ಅಮ್ಮೋರೆ. ಅಂಗಾರೆ ಆಯಮ್ಮ ಸುಳ್ಳು ಯೋಳವ್ರಾ?"

ಹೌದು, ನನಗೋಸ್ಕರ ಹೇಳಿದರು ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗೆಂದರೆ ಅಜ್ಜಿ ಮುಚ್ಚಿಟ್ಟುಕೊಂಡದ್ದನ್ನು ನಾಲ್ಕು ಊರಿಗೆ ಹರಡಿದಂತಾಗುತ್ತಿತ್ತು. ಆಗಲೇ ಅರ್ಧ ಹರಡಿಯಾಗಿತ್ತು. "ಇಲ್ಲ, ನಾನೇ ತಪ್ಪು ತಿಳ್ಕೊಂಡೆ" ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಣ್ಣು ಕಲಸಲು ಕೂತೆ. ಅವರು ನೀರು ತಂದು ಸುರಿದರು. ಸಂಜೆಯ ಹೊತ್ತಿಗೆ ಒಲೆ ಎದ್ದಿತ್ತು, ಹಾಲು ಉಕ್ಕಿಸಿದರು, ಒಂದು ಎಳೆ ಹೊಗೆಯೂ ಒಳಗೆ ಬರಲಿಲ್ಲ.