ಹೂವಿನ ಮಾವ

ಹೂವಿನ ಮಾವನ ಬಲಗೈ ತೋರುಬೆರಳಿನ ಮೇಲೆ ಒಂದು ಗೀರಿತ್ತು. ವರ್ಷಗಟ್ಟಲೆ ಬಾಳೆನಾರು ಎಳೆದೆಳೆದು ಬಿದ್ದ ಗೀರು. ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಏನು ಕಟ್ಟಿದರೂ ನಾರು ತಾನಾಗಿ ಹೋಗಿ ಅಲ್ಲೇ ಕೂರುತ್ತಿತ್ತು. ಉದ್ದನೆಯ, ತೆಳ್ಳಗಿನ ಬೆರಳುಗಳು. ಗುದ್ದಲಿ ಹಿಡಿಯುವವರೇ ತುಂಬಿದ ಊರಿನಲ್ಲಿ ಅಂಥ ಕೈ ಇದ್ದ ಗಂಡಸು ಅವರೊಬ್ಬರೇ. ದನಿಯೂ ಅಷ್ಟೇ ಸಣ್ಣದು. ಅವರು ಮಾತಾಡಿದರೆ ಎದುರಿಗಿದ್ದವರು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕು. ನಮ್ಮೂರಿನ ಎಂಥೆಂಥ ಜೋರಿನ ಗೌಡರೂ ಅವರೆದುರು ಬಾಗಿ ನಿಂತದ್ದನ್ನು ನೋಡಿದ್ದೇನೆ. ಪಾಪ, ಮಾವನಿಗೆ ಗಂಟಲು ಸರಿಯಿಲ್ಲ ಎಂದೇ ನಾನು ತಿಳಿದಿದ್ದೆ.

ಅವರು ನಮಗೆ ಸ್ವಂತ ಮಾವನಲ್ಲ. ಅವ್ವನ ತವರೂರಿನವರು, ಹಾಗಾಗಿ ಅವ್ವನಿಗೆ ಅಣ್ಣ, ನನಗೆ ಮಾವ. ಕ್ರಮೇಣ ಊರಿಗೆಲ್ಲ ಮಾವ. ಹಲಗೂರಿನಲ್ಲಿ ಬಸ್ಸಿಳಿದು ಒಳಗೆ ಬಂದರೆ ಸಿಗುವ ನಮ್ಮೂರಿನಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ನನಗೆ ತಿಳಿವಳಿಕೆ ಬರುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಗೊಬ್ಬರ ತರಿಸುವುದಕ್ಕೂ, ಆಲೆಮನೆಗೆ ಕಬ್ಬು ಸಾಗಿಸುವುದಕ್ಕೂ ಅವ್ವ ಅವರನ್ನೇ ಕೇಳುತ್ತಿದ್ದಳು. ಸಂಜೆ ಜಗಲಿಯ ಮೇಲೆ ನನ್ನನ್ನು ಕೂರಿಸಿಕೊಂಡು ಹೂ ಕಟ್ಟುವುದನ್ನು ಕಲಿಸುತ್ತಿದ್ದರು. ನಾನು ಕಟ್ಟಿದ್ದು ಸಡಿಲವಾಗಿ ಹೂ ಉದುರಿದರೆ, "ನಿನ್ ಆರ ಆಕ್ಕೊಂಡ್ರೆ ದೇವ್ರಿಗೆ ಬರೀ ನಾರೇ ಗತಿ ಕಣ್ ಮಗ" ಎಂದು ನಗುತ್ತಿದ್ದರು. ನನಗೆ ಅವರೆಂದರೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದಿನದನ್ನು ಓದಿ ನಾನು ಹುಟ್ಟಿನಿಂದಲೇ ಅವರ ಹಗೆ ಎಂದು ಯಾರೂ ಅಂದುಕೊಳ್ಳಬಾರದು.

ಊರ ಅಮ್ಮನ ಗುಡಿಗೆ ಹೂ ಕೊಡುವುದು, ಗಂಧ ತೇಯುವುದು, ದೀಪ ಹಚ್ಚುವುದು ಅವರ ಕೆಲಸ. ಪೂಜೆ ಮಾಡುವವನು ಬೇರೆ, ಮೈಮೇಲೆ ದೇವರು ಬರುವ ಗುಡ್ಡಪ್ಪ. ಅವನದು ದಪ್ಪ ಮೀಸೆ, ಕೆಂಪು ಪಂಚೆ, ಕೈಯಲ್ಲಿ ಬೆತ್ತ. ನೋಡಿದವರಿಗೆ ಎಲ್ಲವೂ ಅವನದೇ ದರ್ಬಾರು. ಮಾವ ತಮ್ಮ ಕೆಲಸ ಮುಗಿಸಿ ಹೊರಗೆ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತುಬಿಡುತ್ತಿದ್ದರು. ತೀರ್ಥ ಕೊಡುವಾಗಲೂ ಕೊನೆಗೆ ಕೈ ಒಡ್ಡುತ್ತಿದ್ದವರು ಅವರು.

ಆ ಗುಡಿಯಲ್ಲಿ ಮಂಗಳವಾರ ಹೂ ಕೇಳುತ್ತಾರೆ. ದೇವಿಯ ಎರಡು ಭುಜಕ್ಕೂ ಗಂಧ ಮೆತ್ತಿ ಒಂದೊಂದು ಕಣಗಿಲೆ ಹೂ ಅಂಟಿಸುತ್ತಾರೆ. ಮನಸ್ಸಿನಲ್ಲಿದ್ದುದನ್ನು ಕೇಳಿಕೊಂಡು ಕೈ ಮುಗಿದು ಕಾಯಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಇಲ್ಲ. ಇದು ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ಹೆಣ್ಣು ಕೊಡುವಾಗ, ಮನೆ ಕಟ್ಟುವಾಗ ಹಿಂದಿನವರೂ ಕೇಳುತ್ತಿದ್ದರು. ಆದರೆ ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಊರಿನ ಅರ್ಧ ಮನೆಗಳು 'ವಾರದವರು' ಆಗಿದ್ದವು. ಮುಂಗೈಗೆ ಕೆಂಪು ದಾರ ಕಟ್ಟಿಕೊಂಡು, ಹೂ ಕೇಳದೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ ಎಂದು ದೇವಿಯ ಮುಂದೆ ಮಾತು ಕೊಟ್ಟವರು. ಈಚೆಗೆ ಅವರದೊಂದು ವಾಟ್ಸಾಪ್ ಗುಂಪೂ ಆಯಿತು. ಮಾವ ಅದರಲ್ಲಿರಲಿಲ್ಲ, ಅವರ ಹತ್ತಿರ ಇದ್ದದ್ದು ಬಟನ್ ಫೋನು.

ಹೂವಿನ ಮಾತು ಮೀರಿದವರಿಗೆ ಏನಾಗುತ್ತಿತ್ತು ಎನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಕೆಳಗಿನ ಬೀದಿಯ ರೈತನೊಬ್ಬ ಎಡಗಡೆ ಹೂ ಬಿದ್ದರೂ ಬೋರ್ ಹಾಕಿಸಿದ. ನೀರೂ ಬಂತು. ಮರುದಿನ ಟೀ ಅಂಗಡಿಯ ಮುಂದೆ ಮಾವ ತಮ್ಮ ಸಣ್ಣ ದನಿಯಲ್ಲಿ, "ಪಾಪ, ಒಳ್ಳೆ ಉಡ್ಗ. ಅವನ್ ಬಾಳೆ ತ್ವಾಟುಕ್ ಏನೂ ಆಗ್ದೆ ಇದ್ರೆ ಸಾಕು ಕಣ್ರಪ್ಪ" ಎಂದರು. ಸುತ್ತ ಇದ್ದವರೆಲ್ಲ ಬಾಗಿ ಕೇಳಿಸಿಕೊಂಡರು. ಆ ವಾರ ಕಳೆಯುವುದರೊಳಗೆ ಅವನ ಗೊನೆ ಬಿಟ್ಟ ಬಾಳೆಗಳನ್ನೆಲ್ಲ ಯಾರೋ ಕಡಿದು ಮಲಗಿಸಿದ್ದರು. ಮೊದಲು ಓಡಿಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದವರು ಮಾವನೇ. ಅವರು ಯಾರನ್ನೂ ಬಯ್ದದ್ದಿಲ್ಲ, ಯಾರಿಗೂ ಹೀಗೆ ಮಾಡು ಎಂದದ್ದಿಲ್ಲ. 'ಪಾಪ' ಎನ್ನುತ್ತಿದ್ದರು, ಅಷ್ಟೇ.

ನನ್ನ ಓದಿಗೂ ಹೂವೇ ಅಪ್ಪಣೆ ಕೊಟ್ಟದ್ದು. ಪಿಯುಸಿ ಆದ ಮೇಲೆ ಮದುವೆ ಮಾಡೋಣವೆಂದು ಅವ್ವ ಗಂಡು ನೋಡಿದ್ದಳು. ಮಾವ, "ಕೂಸು ಓದ್ಲಿ ಬುಡವ್ವ, ಒಂದ್ ಸಲ ಹೂ ಕೇಳು" ಎಂದರು. ಬಲಗಡೆಯ ಹೂ ಟಪ್ಪನೆ ಬಿತ್ತು. ನಾನು ಮಂಡ್ಯದ ಕಾಲೇಜು ಸೇರಿದೆ, ಆಮೇಲೆ ಮದ್ದೂರಿನ ಶಾಲೆಯಲ್ಲಿ ಮೇಡಂ ಆದೆ. ಅವತ್ತು ಆ ದೇವಿಗೆ ಅಡ್ಡಬಿದ್ದಷ್ಟು ಭಕ್ತಿಯಿಂದ ನಾನು ಯಾರಿಗೂ ಅಡ್ಡಬಿದ್ದಿಲ್ಲ.

ಅವ್ವನ ಎದೆಯಲ್ಲಿ ಗಂಟು ಕಾಣಿಸಿಕೊಂಡದ್ದು ನಾನು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ. ತಲೆಗೆ ನೀರು ಹಾಕಿಕೊಡುವಾಗ ನನ್ನ ಕಣ್ಣಿಗೆ ಬಿತ್ತು. ಬಲವಂತ ಮಾಡಿ ಮಳವಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು, ಈಗಲೇ ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿದರೆ ವಾಸಿಯಾಗುತ್ತೆ, ತಡ ಮಾಡಬೇಡಿ ಎಂದರು. ಅವ್ವ ಬಸ್ಸಿನಲ್ಲಿ ಕೂತು ನಿರಾಳವಾಗಿ, "ಹೂ ಕೇಳ್ಬುಟ್ಟು ಓಗಾನ ಕಣಮ್ಮಿ" ಎಂದಳು. ಎಡಗಡೆ ಬಿತ್ತು. ಮುಂದಿನ ಮಂಗಳವಾರ ನನ್ನ ಕಾಟ ತಾಳಲಾರದೆ ಮತ್ತೆ ಕೇಳಿದಳು. ಮತ್ತೆ ಎಡಗಡೆ.

ಆ ಎರಡನೆಯ ಸಲ ನಾನು ಕಣ್ಣು ಮುಚ್ಚಿರಲಿಲ್ಲ. ಗರ್ಭಗುಡಿಯಲ್ಲಿ ಆಳೆತ್ತರದ ಒಂದು ಹಿತ್ತಾಳೆ ದೀಪ. ಅವ್ವನ ಸರದಿ ಬಂದಾಗ ಮಾವ ಎಣ್ಣೆ ಹಾಕುವ ನೆಪದಲ್ಲಿ ಒಳಗೆ ಹೋಗಿ ಅದನ್ನು ದೇವಿಯ ಎಡಭುಜದ ಪಕ್ಕಕ್ಕೆ ಸರಿಸಿ, ಬತ್ತಿ ಮುಂದೆ ಮಾಡಿ ಬಂದರು. ಕಾವಿಗೆ ಆ ಕಡೆಯ ಗಂಧ ಒಣಗಿ ಬಿರುಕುಬಿಟ್ಟು ಹೂ ಜಾರಿತು. ಇಷ್ಟೇ. ಇಷ್ಟು ಸಣ್ಣ ಕೆಲಸಕ್ಕೆ ಒಂದು ಊರೇ ತಲೆಬಾಗಿತ್ತು.

ಮುಂದಿನ ವಾರ ಅವ್ವನನ್ನು ಮತ್ತೆ ಕರೆದುಕೊಂಡು ಹೋದೆ. ಮಾವ ದೀಪ ಸರಿಸಿ ಹೊರಗೆ ಬಂದದ್ದೇ ತಡ, ನಾನು ನುಗ್ಗಿ ಅದನ್ನು ಎತ್ತಿ ಬಲಗಡೆಗೆ ಇಟ್ಟೆ. ಗುಡಿಯೆಲ್ಲ ಗುಸುಗುಸು. ಸ್ವಲ್ಪ ಹೊತ್ತಿಗೆ ಬಲಗಡೆಯ ಹೂ ಬಿತ್ತು. ಅವ್ವನ ಮುಖ ಅರಳಿತು. ಆಸ್ಪತ್ರೆಗೆ ಹೋಗಲು ಅವಳಿಗೂ ಆಸೆಯಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ. ಮೈಮೇಲೆ ದೇವರು ಬಂದು ತೂಗಾಡುತ್ತಿದ್ದ ಗುಡ್ಡಪ್ಪ ಗಕ್ಕನೆ ನಿಂತು, ಒಂದು ಕಣ್ಣು ತೆರೆದು, ಏನು ಹೇಳಲಿ ಎಂಬಂತೆ ಬಾಗಿಲ ಕಡೆ ನೋಡಿದ. ಕಂಬಕ್ಕೆ ಒರಗಿದ್ದ ಮಾವ ಮೆಲ್ಲಗೆ, "ಪಾಪ, ಕೂಸ್ಗೆ ಗೊತ್ತಿಲ್ಲ. ಮೈಲ್ಗೆ ಕೈಲಿ ದೀಪ ಮುಟ್ಬುಟ್ಟವ್ಳೆ" ಎಂದರು. ಮರುಕ್ಷಣವೇ ದೇವಿ ಅದೇ ಮಾತನ್ನು ಗುಡ್ಡಪ್ಪನ ಬಾಯಿಂದ ಅಬ್ಬರಿಸಿದಳು. ವಾರದವರು, ಆ ಹೂ ಲೆಕ್ಕಕ್ಕಿಲ್ಲ ಎಂದು ನನ್ನನ್ನು ರಟ್ಟೆ ಹಿಡಿದು ಹೊರಗೆ ದಬ್ಬಿದರು.

ಬೆಳಿಗ್ಗೆ ಮಾವನ ಜಗಲಿಗೆ ಹೋಗಿ ನಿಂತೆ. ಅವರು ಹೂ ಕಟ್ಟುತ್ತ ಕೂತಿದ್ದರು.

"ಅವ್ವ ಸತ್ತೋಯ್ತಾಳೆ ಮಾವ. ನಿನ್ ತಂಗಿ ಕಣೋ. ಒಂದೇ ಒಂದ್ ಸಲ ಆ ದೀಪ ಆ ಕಡೀಕ್ ಇಟ್ಬುಡು, ನಾನ್ ಯಾರ್ಗೂ ಏನೂ ಹೇಳಲ್ಲ."

ಅವರು ಸುಳ್ಳಾಡಲಿಲ್ಲ. ಅದೇ ನನಗೆ ಈಗಲೂ ತಡೆಯಲಾಗದ್ದು. "ಒಬ್ಳನ್ ಬುಟ್ರೆ ಎಲ್ರೂ ಆಸ್ಪತ್ರೆಗ್ ಓಯ್ತಾರೆ ಕಣ್ ಮಗ. ವಾಸಿ ಮಾಡ್ಕೊಂಡ್ ಬತ್ತಾರೆ. ಆಮೇಕೆ ಇಲ್ಗ್ಯಾರ್ ಬತ್ತಾರೆ?" ಎಂದರು. ನಾರು ಎಳೆದು ಗಂಟು ಹಾಕಿ, ತಲೆಯೆತ್ತಿ ನೋಡಿ, "ನಿನ್ ಕಾಲೇಜ್ಗೆ ಬಲಗಡೆ ಬಿತ್ತಲ್ಲ, ಅವತ್ಯಾಕ್ ಕೇಳ್ಲಿಲ್ಲ ನೀನು?" ಎಂದರು. ಕೇಳಿಸಿಕೊಳ್ಳಲು ನಾನೂ ಅವರೆದುರು ಬಾಗಿ ನಿಂತಿದ್ದೆ.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ರಾಗಿ ಕೇರುತ್ತಲೇ ಕೇಳಿಸಿಕೊಂಡು, "ದೀಪ ಇಟ್ಟೋನು ಅಣ್ಣನೇ ಇರ್ಬೋದು. ಇಡ್ಸಿದೋಳು ಆ ತಾಯೇ ಅಲ್ವೇನಮ್ಮಿ?" ಎಂದಳು. ಅಳುತ್ತ ಕಾಲು ಹಿಡಿದೆ, ಕೂಗಾಡಿದೆ, ಊಟ ಬಿಟ್ಟೆ. ಯಾವುದಕ್ಕೂ ಬಗ್ಗಲಿಲ್ಲ. ನಾನು ಮದ್ದೂರಿಗೆ ಹೋಗಿದ್ದಾಗ ಮಾವನ ಮನೆಗೆ ಹೋಗಿ, ಮಗಳ ಪರವಾಗಿ ತಪ್ಪಾಯಿತೆಂದು ಕೇಳಿಕೊಂಡು ಬಂದಿದ್ದಳು. ಆದರೂ ಆ ವರ್ಷ ನಮ್ಮ ಗದ್ದೆ ನಾಟಿಗೆ ಒಂದು ಆಳೂ ಬರಲಿಲ್ಲ. ಗಂಟು ಒಡೆದು ಹುಣ್ಣಾಯಿತು. ಅವ್ವ ನರಳಿ ನರಳಿ ಸತ್ತಳು. ವಾರದವರು ಬಂದು, ಕೊನೆಯವರೆಗೂ ಅಮ್ಮನ ಮಾತು ಮೀರಲಿಲ್ಲ, ಪುಣ್ಯವಂತೆ ಎಂದು ಹೊಗಳಿದರು. ಮಾವನ ಮೇಲಿನ ಸಿಟ್ಟಿನಲ್ಲಿ ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ.

ಎರಡು ವರ್ಷದ ಮೇಲೆ ಮಾವನಿಗೆ ಎದೆನೋವು ಬಂತು. ಯಾವ ಹೂವನ್ನೂ ಕೇಳದೆ ಗುಡ್ಡಪ್ಪನೇ ಕಾರಿನಲ್ಲಿ ಕೂರಿಸಿಕೊಂಡು ಮೈಸೂರಿಗೆ ಹಾರಿದ. ಸ್ಟೆಂಟ್ ಹಾಕಿಸಿಕೊಂಡು ನಗುನಗುತ್ತ ಬಂದವರಿಗೆ ವಾರದವರು ಆರತಿ ಎತ್ತಿದರು. ಹೂ ಕೇಳಿದ್ರಾ ಎಂದು ನಾನು ಎಲ್ಲರ ಮುಂದೆ ಕೇಳಿದೆ. "ಹೂ ಕೊಡೋರ್ಗೇ ಹೂ ಕೇಳ್ತಾರೇನಮ್ಮಿ?" ಎಂದು ಮಾವ ನಕ್ಕರು. ಒಬ್ಬರಿಗೂ, ಒಬ್ಬರಿಗೂ, ಆ ಮಾತು ಚುಚ್ಚಲಿಲ್ಲ. ಆಮೇಲೂ ಅವರು ಬಹಳ ಕಾಲ ಚೆನ್ನಾಗಿಯೇ ಬದುಕಿದರು.

ಮೊನ್ನೆ ಅವರು ತೀರಿಕೊಂಡರೆಂದು ಸುದ್ದಿ ಬಂತು. ಹೋಗಬಾರದು ಎಂದುಕೊಂಡೇ ಹೋದೆ. ಊರಿಗೆ ಊರೇ ಸೇರಿತ್ತು. ಮಾವನ ಹೆಂಡತಿ, ಅತ್ತೆ, ನನ್ನನ್ನು ಕಂಡವರೇ ಕುತ್ತಿಗೆ ತಬ್ಬಿಕೊಂಡು, "ನಿನ್ ಕಂಡ್ರೆ ಜೀವ ಬುಡ್ತಿದ್ರು ಕಣವ್ವ. ಸಾಯೋ ಗಂಟ್ಲೂವೆ ನಮ್ ಕೂಸು ಮೇಡಮ್ಮು, ನಮ್ ಕೂಸು ಮೇಡಮ್ಮು ಅಂತಿದ್ರು" ಎಂದರು. ಅದು ಸುಳ್ಳಲ್ಲ ಎಂದು ನನಗೆ ಗೊತ್ತು. ಎಷ್ಟು ತಡೆದರೂ ತಡೆಯದೆ ದುಃಖ ಉಕ್ಕಿ ಬಂತು. ಅವರ ಕಾಲ ಬಳಿ ಕುಸಿದು, ಕಂಡವರು ಬೆರಗಾಗುವಷ್ಟು ಅತ್ತುಬಿಟ್ಟೆ. ಅವ್ವನ ಜೀವ ತೆಗೆದುಕೊಂಡವರು, ಅವಳಿಗೆ ಸೇರಬೇಕಿದ್ದ ನನ್ನ ಕಣ್ಣೀರನ್ನೂ ತಾವೇ ತೆಗೆದುಕೊಂಡು ಹೋದರು.