ಬೀಗಿತ್ತಿಯ ಮಾತು, ಕ್ಯಾಮೆರಾ ಕಾರ್ಡು

ಅಥವಾ ಕೆಟ್ಟ ಯಂತ್ರಕ್ಕೆ ಕಿವಿ ಆನಿಸಿ ಕೇಳುತ್ತಿದ್ದವನು ಲ್ಯಾಪ್‌ಟಾಪ್ ರಿಪೇರಿಯವನಲ್ಲದೆ, ಅವನ ಪಕ್ಕದಂಗಡಿಯ ವಾಚ್ ರಿಪೇರಿಯವನೂ ಇರಬಹುದು. ನನ್ನ ನೆನಪು ಒಬ್ಬರ ಕಿವಿಯನ್ನು ಇನ್ನೊಬ್ಬರಿಗೆ ಅಂಟಿಸುತ್ತದೆ. ಕುಣಿಗಲ್ ಬಸ್‌ಸ್ಟ್ಯಾಂಡ್ ಹಿಂದಿನ ಲ್ಯಾಪ್‌ಟಾಪ್ ರಿಪೇರಿಯವನು ಏನು ಕೆಟ್ಟರೂ “ಜಗಳ ಬುಡುಸ್ಬೇಕು, ಅಷ್ಟೆಯಾ” ಅನ್ನುತ್ತಿದ್ದುದಂತೂ ನಿಜ.

ತಂಗಿಯ ಮದುವೆ ವೀಡಿಯೊ ನೋಡಲು ಅವಳ ಅತ್ತೆ ಚೇಳೂರಿನಿಂದ ನಮ್ಮ ಮನೆಗೆ ಬಂದು ಕೂತಿದ್ದರು. ಕ್ಯಾಮೆರಾ ಜೋಡಿಸುವ ಕಾರ್ಡನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ ತೂರಿಸಿದರೆ ಚಿತ್ರ ಬರುತ್ತಿತ್ತು, ಸೌಂಡ್ ಹೋಗುತ್ತಿತ್ತು. ಆ ರಿಪೇರಿಯವನನ್ನು ಮನೆಗೇ ಕರೆಸಿದೆ.

“ಕಾರ್ಡೂ ಸೌಂಡೂ ಪ್ರೊಸೆಸರ್ನ ಕರಿಯಾಕೆ ಒಂದೇ ಇಂಟರಪ್ಟ್ ಲೈನ್ ಹಿಡ್ಕಂಡವೆ ಸಾ. ಒಂದೇ ನಲ್ಲಿಗೆ ಇಬ್ರು ಬಿಂದಿಗೆ ಇಟ್ಟಂಗೆ. ಜಗಳ ಬುಡುಸ್ಬೇಕು, ಅಷ್ಟೆಯಾ.”

ಸೆಟಿಂಗ್ಸ್‌ನಲ್ಲಿ ಕಾರ್ಡಿಗೆ ಬೇರೆ ಲೈನ್ ಕೊಟ್ಟ. ವಾಲಗ ಕೇಳಿಸಿತು. ಅವನೂ ಲ್ಯಾಪ್‌ಟಾಪಿನ ಪಕ್ಕದಲ್ಲೇ ಚಕ್ಕುಲಿ ತಿನ್ನುತ್ತಾ ನೋಡಲು ಕೂತ.

ಊಟದ ಪಂಕ್ತಿ ಬಂತು. ಪರದೆಯಲ್ಲಿ ಅತ್ತೆ ಪಕ್ಕದವರ ಕಡೆ ಬಾಗಿ, “ಈ ಸಾರ್ನ ನಾಯಿನೂವೆ...” ಅನ್ನುವಷ್ಟರಲ್ಲಿ ಸೌಂಡ್ ನಿಂತಿತು. ಅವರ ಮನೆಯಲ್ಲೇ ಬಾಳಬೇಕಾದ ತಂಗಿ ಗೋಡೆ ನೋಡತೊಡಗಿದಳು.

“ನಾನೇನಪ್ಪಾ ಅಂದೆ ಅಲ್ಲಿ?” ಅತ್ತೆ ಕೇಳಿದರು.

“ಮತ್ತೆ ಕಚ್ಚಾಡ್ಕಂಡ್ವು ಕಣಮ್ಮ,” ಅಂದ ಅವನು ಲ್ಯಾಪ್‌ಟಾಪಿನ ಮೇಲೆ ಬಾಗಿ. “ನಾಯಿನೂವೆ ಬುಡಾಕಿಲ್ಲ, ಅಷ್ಟು ರುಚಿ ಅಂದಿರ್ತೀರ.”

ಅತ್ತೆ ಕೊಂಚ ಯೋಚಿಸಿದರು. “ಹೂಂ, ಅಂದಿರ್ತೀನಿ. ಚೆನ್ನಾಗೇ ಇತ್ತು ಬುಡು.”

ತಂಗಿ ಕಾಫಿ ಮಾಡಲು ಎದ್ದಳು. ಸೌಂಡ್ ಹೋದಾಗ ಅವನ ಹೆಬ್ಬೆರಳು ಕಾರ್ಡಿನ ಮೇಲಿತ್ತೋ, ಚಕ್ಕುಲಿ ತಟ್ಟೆಯಲ್ಲಿತ್ತೋ, ನನಗೆ ಗೊತ್ತಿಲ್ಲ.