ಸೀಸ ತುಂಬಿದ ಗುಂಡು

ದೇವಮ್ಮ, ನಮ್ಮ ಎಸ್ಟೇಟಿನ ತಕ್ಕಡಿ ಸುಳ್ಳು ಹೇಳುತ್ತಿತ್ತು. ಹೇಳಿಸಿದವನು ನಾನು, ಲೆಕ್ಕ ಬರೆಯುವ ರೈಟರ್.

ತಕ್ಕಡಿಯ ದಂಡದ ಮೇಲೆ ಜಾರುವ ಗುಂಡಿನ ಹೊಟ್ಟೆಗೆ ಸೀಸ ಕಾಸಿ ಹುಯ್ದಿದ್ದೆ. ನೀವು ಇಪ್ಪತ್ಮೂರು ಕಿಲೋ ಕಾಫಿ ಹಣ್ಣು ಕುಯ್ದು ತಂದರೆ ಅದು ಇಪ್ಪತ್ತು ತೋರಿಸುತ್ತಿತ್ತು. ಎಸ್ಟೇಟಿನ ಧಣಿ ಗೌಡರು ಹಾಗೆ ಮಾಡೆಂದು ಹೇಳಿರಲಿಲ್ಲ. 'ನೀನು ಬಂದ್ಮೇಲೆ ಫಸಲು ಏರೈತೆ ಮಾರಾಯ' ಅನ್ನುತ್ತಿದ್ದರು, ಆ ಒಂದು ಮಾತಿಗೆ—ಅಷ್ಟಕ್ಕೇ—ಎರಡು ಕೊಯ್ಲು ಹಾಗೇ ತೂಗಿದೆ.

ತೊಂಬತ್ತರ ದಶಕದ ಕೊನೆ ಅದು. ಗೌಡರ ಮಗಳು ಮಸ್ಕತ್ತಿಗೆ ಗಂಡನ ಹತ್ತಿರ ಹೊರಟಳು. ವಿಮಾನದಲ್ಲಿ ಇಪ್ಪತ್ತೇ ಕಿಲೋ. ಸೂಟ್‌ಕೇಸನ್ನು ಸ್ಟೋರಿನ ಅದೇ ತಕ್ಕಡಿಗಿಟ್ಟು ತೂಗಿದೆ, ಸರಿಯಾಗಿ ಇಪ್ಪತ್ತು. ನಾನು ಹೇಳಿಸಿದ ಸುಳ್ಳನ್ನು ನಾನೇ ನಂಬಿಬಿಟ್ಟಿದ್ದೆ, ನೋಡು. ಅದನ್ನು ತಲೆ ಮೇಲೆ ಹೊತ್ತು ಜೀಪಿಗಿಟ್ಟವಳು ನೀನು.

'ಇಪ್ಪತ್ತಾ? ಜಾಸ್ತಿ ಐತೆ ಕಣ್ರೀ ರೈಟ್ರೇ.'

'ನಿನ್ ತಲೆಗೇನು ಗೌರ್ಮೆಂಟ್ ಸೀಲ್ ಹಾಕವ್ರಾ?' ಅಂದು ನಗಾಡಿದ್ದೆ.

ಏರ್‌ಪೋರ್ಟಿನಲ್ಲಿ ಇಪ್ಪತ್ಮೂರು ಬಂತಂತೆ. ಹೆಚ್ಚಿನದಕ್ಕೆ ಗೌಡರೇ ಕಟ್ಟಿ ಬಂದರು. ಆಮೇಲೆ ಆ ಸೂಟ್‌ಕೇಸ್ ಮಸ್ಕತ್ತಿಗೆ ತಲುಪಲೇ ಇಲ್ಲ. ಎಲ್ಲಿ ಹೋಯಿತೋ ವಿಮಾನದವರಿಗೂ ತಿಳಿಯಲಿಲ್ಲ. ತಿಂಗಳಾದ ಮೇಲೆ ಅವರ ಕಾಗದ ಬಂತು. ಸಂಜೆ ಹಣ್ಣು ತೂಗುವ ಹೊತ್ತಿಗೆ, ಸ್ಟೋರಿನ ಮುಂದಿನ ಕಣದಲ್ಲೇ ನಿಂತು ಗೌಡರು ಓದಿದರು.

'ಒಳಗೇನಿತ್ತು ಅಂತ ಲೆಕ್ಕ ಇಲ್ವಂತೆ. ಚೀಟೀಲಿ ತೂಕ ಎಷ್ಟೈತೋ ಅಷ್ಟಕ್ಕೆ, ಕಿಲೋಗಿಷ್ಟು ಅಂತ ಕೊಡ್ತಾರಂತೆ.'

'ರೇಷ್ಮೆ ಸೀರೆಗೂ ಕಲ್ಲಿಗೂ ಒಂದೇ ರೇಟಾ ಗೌಡ್ರೇ?' ಅಂದೆ ನೀನು.

'ಒಂದೇ ಕಣೇ. ನಿನ್ ಹಣ್ಣಿದ್ದಂಗೆ! ಪುಣ್ಯಕ್ಕೆ ಚೀಟೀಲಿ ಇಪ್ಪತ್ಮೂರು ಬರ್ದವ್ರೆ.'

ಎಲ್ಲರೂ ನಕ್ಕರು. ನೀನು ನಗಲಿಲ್ಲ. ತಕ್ಕಡಿ ನೋಡಿದೆ, ನನ್ನನ್ನು ನೋಡಿದೆ.

'ನಮ್ ತಕ್ಕಡೀಲಿ ಇಪ್ಪತ್ತಿದ್ದದ್ದು ಅಲ್ಲಿ ಹೆಂಗೆ ಇಪ್ಪತ್ಮೂರಾಯ್ತು ರೈಟ್ರೇ?'

ತಕ್ಕಡಿಯ ದಂಡ ಟಿಕ್, ಟಿಕ್ ಅಂತ ತೂಗಾಡುತ್ತಿತ್ತು—ಆ ಸದ್ದು ಇವತ್ತಿಗೂ ನನ್ನ ಕಿವಿ ಬಿಟ್ಟಿಲ್ಲ. ಗೌಡರು ನನ್ನ ಕಡೆ ತಿರುಗಿದರು. 'ನಾಳೆ ಎಲ್ಲರೆದುರೇ ಪರೀಕ್ಷೆ ಮಾಡೋಣ' ಅಂದೆ. ನಾಲಿಗೆ ತಡವರಿಸಲಿಲ್ಲ. ಅದೇ ನನಗೆ ಇವತ್ತಿಗೂ ಭಯ.

ನೀವೆಲ್ಲ ಲೈನಿನ ಕೂಲಿ ಮನೆಗಳಿಗೆ ಹೋದ ಮೇಲೆ ಸೀಸದ ಗುಂಡು ತೆಗೆದು, ಸ್ಟೋರಿನಲ್ಲಿ ಬಿದ್ದಿದ್ದ ಸೀಸವಿಲ್ಲದ ಹಳೇ ಗುಂಡು ಸಿಕ್ಕಿಸಿದೆ. ಬೆಳಿಗ್ಗೆ ಸೀಲೊಡೆಯದ ಐವತ್ತು ಕಿಲೋ ಗೊಬ್ಬರದ ಮೂಟೆ ಇಡಿಸಿದೆ. ಕರೆಕ್ಟಾಗಿ ಐವತ್ತು. 'ಏರ್‌ಪೋರ್ಟಿನೋರ್ದೇ ತಪ್ಪು' ಅಂದರು ಗೌಡರು. ನಿನ್ನ ಜೊತೆ ಕುಯ್ಯುವವರೇ ನಿನ್ನನ್ನು ನೋಡಿ ಕಿಸಕ್ಕಂದರು. ಕಳ್ಳ ನಾನು, ಸುಳ್ಳಿ ಅನ್ನಿಸಿಕೊಂಡವಳು ನೀನು. ಮಧ್ಯಾಹ್ನದೊಳಗೆ ಲೈನಿನ ಮನೆ ಖಾಲಿ ಮಾಡಬೇಕೆಂದು ಗೌಡರ ಅಪ್ಪಣೆಯಾಯಿತು—ಬಾಯಿ ತೆರೆದರೆ ತಡೆಯಬಹುದಿತ್ತು. ನಾನು...

ನೀನು ಮಗಳ ಕೈ ಹಿಡಿದು, ಪಾತ್ರೆ ಗಂಟು ಹೊತ್ತು ಸ್ಟೋರಿನ ಮುಂದೆ ಒಂದು ಗಳಿಗೆ ನಿಂತೆ.

'ಗುಂಡು ಬದಲಾಯ್ಸಬೋದು ರೈಟ್ರೇ. ಇಪ್ಪತ್ ವರ್ಷ ಹೊತ್ತಿರೋ ತಲೆ ಬದಲಾಯ್ಸಕ್ಕಾಗಲ್ಲ.'

ಅಷ್ಟೇ ಅಂದದ್ದು. ಶಾಪ ಹಾಕಿದ್ದರೆ ವಾಸಿಯಿತ್ತು.

ಇನ್ನೊಂದಿದೆ, ಅದು ನಿನಗೆ ಗೊತ್ತಿಲ್ಲ. ವನಗೂರಿನ ಕಡೆ ಎರಡು ಎಸ್ಟೇಟಿನ ರೈಟರುಗಳು ಸಂತೆಯಲ್ಲಿ ಸಿಕ್ಕಿ, ದೇವಮ್ಮ ಹೆಂಗೆ ಅಂತ ವಿಚಾರಿಸಿದರು. 'ಕೆಲಸ ಪರವಾಗಿಲ್ಲ, ಬಾಯಿ ಜಾಸ್ತಿ' ಅಂದೆ. ಅವರು ನಿನ್ನನ್ನು ಸೇರಿಸಿಕೊಳ್ಳಲಿಲ್ಲ.

ಸೀಸದ ಗುಂಡನ್ನು ಮತ್ತೆ ಹಾಕಲಿಲ್ಲ. ಬಿಸಾಡಲೂ ಇಲ್ಲ. ಕೆರೆಗೆ ಎಸೆಯೋಣವೆಂದು ಎರಡು ಸಲ ಹೋಗಿ, ಎರಡು ಸಲವೂ ಜೇಬಿನಲ್ಲೇ ತಂದೆ. ತೂಕದಲ್ಲಿ ತಿಂದದ್ದು ಹೊಟ್ಟೇಲಿ ಕೂತು ತೂಗುತ್ತದೆ ಅಂತಿದ್ದಳು ನನ್ನಜ್ಜಿ. ಈಗ ಕೆಲಸ ಬಿಟ್ಟಾಯಿತು, ಅದು ಮಾತ್ರ ನನ್ನ ಟ್ರಂಕಿನಲ್ಲೇ ಇದೆ.

ನಿನ್ನ ಮಗಳು ಮಾರನಹಳ್ಳಿಯಲ್ಲಿದ್ದಾಳಂತೆ. ನೀನಿದ್ದೀಯೋ ಇಲ್ಲವೋ—ಕೇಳುವ ಧೈರ್ಯವಾಗಲಿಲ್ಲ. ಗೌಡರಿಗೂ ಲೈನಿನವರಿಗೂ ನಿನ್ನೆ ಎಲ್ಲ ಹೇಳಿದೆ. ಗೌಡರು ಎದ್ದು ಒಳಗೆ ಹೋದರು. ಭಾನುವಾರ ಅಲ್ಲಿಗೆ ಬರುತ್ತೇನೆ. ಕ್ಷಮಿಸು ಅನ್ನುವುದಿಲ್ಲ. ಗುಂಡು ನಿನ್ನ ಕೈಗೆ ಕೊಡುತ್ತೇನೆ—ತಲೆ ಮೇಲಿಟ್ಟು, ಎಷ್ಟಿದೆ ಅಂತ ನೀನೇ ಹೇಳು.